ನಿಲ್ಲಲಿರುವ ಮಾಡೆಲ್ಲಿನ ಬೋಟನ್ನೂ ಕೊಳ್ಳಬಹುದು, ಮಾರುವವರು ಬಾಯಿ ಬಿಟ್ಟು ಹೇಳಲಿ

ಮಾನ್ಯ ಸಂಪಾದಕರೇ,

ಮೊದಲ ಸಲ ಮೋಟಾರ್ ಬೋಟು ಕೊಳ್ಳುವವರಿಗೆ ಸಲಹೆ ಕೊಡುವ ಬರಹವೊಂದು ನಿಮ್ಮ ಪುರವಣಿಯಲ್ಲಿ ಬಂದಿತ್ತು. ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಕಂಪನಿ ನಿಲ್ಲಿಸಲಿರುವ ಮಾಡೆಲ್ ಅಂತ ಸುಳಿವು ಸಿಕ್ಕರೆ ಅದರ ಹತ್ತಿರವೂ ಹೋಗಬೇಡಿ ಅಂತ ಬರೆದಿದ್ದರು. ಅಷ್ಟೇ. ಕಾರಣ ಏನೂ ಇಲ್ಲ, ಮುಂದಿನ ಪ್ಯಾರಾದಲ್ಲಿ ಲೈಫ್ ಜಾಕೆಟ್ ವಿಷಯ ಶುರು.

ನಾನು ಅಂಥದ್ದೇ ಬೋಟು ಕೊಂಡವನು. 16 ಅಡಿಯದು, ಫೈಬರ್ ಗ್ಲಾಸಿನದು, ಹಿಂದೆ 60 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹೊರಗೆ ತೂಗುಹಾಕುವಂಥದ್ದು. ಆ ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಅಗ್ಗದ್ದು. 2023ರ ಮಾರ್ಚ್‌ನಲ್ಲಿ ಕೊಂಡೆ. ಆಗಸ್ಟ್‌ನಲ್ಲಿ ಕಂಪನಿಯ ಹೊಸ ಪಟ್ಟಿ ಬಂತು. ಮೇಲಿಂದ ಕೆಳಗೆ ಎರಡು ಸಲ ನೋಡಿದೆ, ನನ್ನ ಬೋಟು ಇಲ್ಲ. ಸತ್ತಿದೆ ಅಂತಲೂ ಯಾರೂ ಹೇಳಲಿಲ್ಲ, ಬರೀ ಹೆಸರು ಮಾಯ.

ಕೊಂಡದ್ದಕ್ಕೆ ಬೇಜಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿಗೂ ಅದೇ ಬೋಟು ಓಡಿಸುತ್ತಿದ್ದೇನೆ. ಬೇಜಾರಿರುವುದು ಮಾರಿದವರ ಮೇಲೆ. ಅವರಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ.

ನಾನು ಕೇಳಿರಲಿಲ್ಲ ಅಂತ ಅಲ್ಲ. ನೇರವಾಗಿಯೇ ಕೇಳಿದ್ದೆ, ‘ಈ ಮಾಡೆಲ್ ಮುಂದುವರಿಯುತ್ತಾ?’ ಅಂತ. ಶೋರೂಮಿನವರು ನಕ್ಕು, ‘ಬೇಡಿಕೆ ಇರೋವರೆಗೂ ಬರ್ತಾ ಇರುತ್ತೆ ಸರ್’ ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕ್ಷಣಕ್ಕೆ ನನಗೆ ಅದು ಹೌದು ಅಂದ ಹಾಗೆಯೇ ಕೇಳಿಸಿತು, ಯಾಕೆಂದರೆ ನನಗೆ ಹೌದು ಅನ್ನಿಸಿಕೊಳ್ಳುವ ಆಸೆ ಇತ್ತು. ಹೊಸ ಬೋಟಿನ ಮುಂದೆ ನಿಂತವರ ಕಿವಿ ಹಾಗೆಯೇ ಕೆಲಸ ಮಾಡುತ್ತದೆ, ಅಲ್ವಾ? ರಿಯಾಯಿತಿ ಕೂಡ ಕೊಟ್ಟರು. ನಾನು ಚೌಕಾಸಿ ಶುರು ಮಾಡುವ ಮೊದಲೇ ಕೊಟ್ಟರು. ಅಲ್ಲಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಬೋಟಿನ ವಯಸ್ಸು ಬೋಟಿನ ಮೈಮೇಲೆಯೇ ಬರೆದಿರುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಬೋಟಿನ ಒಳಗೆ ಮೂತಿಯ ಕಡೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ ಯಾವುದೋ, ಟ್ರಾನ್ಸಮ್ಮಿನ ಆ ಬದಿಯಲ್ಲಿ, ಹೊರಮೈಯ ಮೇಲ್ತುದಿಯ ಹತ್ತಿರ, ಒಂದು ಸಾಲು ಅಕ್ಷರ ಮತ್ತು ಅಂಕಿ ಕೊರೆದಿರುತ್ತಾರೆ. ಬೆರಳಾಡಿಸಿದರೆ ಉಗುರಿಗೆ ಸಿಗುತ್ತದೆ. ಅದು ಬೋಟಿನ ಒಡಲಿನ ಗುರುತು ಸಂಖ್ಯೆ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಚ್‌ಐಎನ್. ಅಮೆರಿಕದಲ್ಲಿ 1972ರಿಂದ ಕಡ್ಡಾಯ, ಅಲ್ಲಿ ಒಟ್ಟು 12 ಅಕ್ಷರ. ಬೇರೆ ಕಡೆ ಮುಂದೆ ದೇಶದ ಗುರುತು ಎರಡು ಅಕ್ಷರ ಸೇರಿಕೊಂಡು 14 ಆಗುತ್ತದೆ. ನಮಗೆ ಬೇಕಾದದ್ದು ಕೊನೆಯ ನಾಲ್ಕು ಮಾತ್ರ. ಮೊದಲಿನ ಅಕ್ಷರ ತಿಂಗಳು, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಆಮೇಲಿನ ಒಂದು ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ. ಉಳಿದ ಎರಡು ಮಾಡೆಲ್ ವರ್ಷ.

ನನ್ನ ಬೋಟಿನಲ್ಲಿ ಇದ್ದದ್ದು ‘ಎಚ್122’. ಅಂದರೆ 2021ರ ಆಗಸ್ಟ್‌ನಲ್ಲಿ ತಯಾರಾದದ್ದು, 2022ರ ಮಾಡೆಲ್. ನಾನು ಕೊಂಡದ್ದು 2023ರ ಮಾರ್ಚ್‌ನಲ್ಲಿ. ‘ಈಗಷ್ಟೇ ಬಂದಿರೋ ಮಾಲು’ ಅಂತ ಹೇಳಿ ಮಾರಿದ್ದು ಹೆಚ್ಚುಕಡಿಮೆ ಒಂದೂವರೆ ವರ್ಷ ಎಲ್ಲೋ ಕೂತು ಬಂದ ಬೋಟನ್ನು. ಸುಳ್ಳು ಅನ್ನಲೂ ಆಗುವುದಿಲ್ಲ ನೋಡಿ, ಅವರ ಶೋರೂಮಿಗೆ ಅದು ಈಗಷ್ಟೇ ಬಂದಿತ್ತೋ ಏನೋ. ಟ್ರೇಲರಿನ ಟೈರೂ ಇದೇ ಕಥೆ ಹೇಳುತ್ತದೆ. ಟೈರಿನ ಪಕ್ಕದಲ್ಲಿ ಉದ್ದದ ಒಂದು ಕೋಡ್ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ಈಗ ನಾನು ಯಾರ ಜೊತೆ ಬೋಟು ನೋಡಲು ಹೋದರೂ ಮೊದಲು ಹಿಂದಕ್ಕೆ ಹೋಗಿ ಬಗ್ಗುತ್ತೇನೆ. ಮಾರುವವರ ಮುಖ ಸ್ವಲ್ಪ ಬದಲಾಗುತ್ತದೆ.

ಹೀಗೆ ಕೂತ ಬೋಟು ಕೆಟ್ಟ ಬೋಟು ಅಂತ ನಾನು ಹೇಳುತ್ತಿಲ್ಲ. ಒಡಲಿಗೆ ಏನೂ ಆಗುವುದಿಲ್ಲ. ಬ್ಯಾಟರಿ ಸತ್ತಿರಬಹುದು, ಟ್ಯಾಂಕಿನಲ್ಲಿ ಒಂದಿಷ್ಟು ಪೆಟ್ರೋಲು ಬಿಟ್ಟಿದ್ದರೆ ಅದು ಹಳಸಿರಬಹುದು. ನನ್ನದರಲ್ಲಿ ಹೋದದ್ದು ಇಂಪೆಲ್ಲರ್. ಎಂಜಿನ್ನಿನ ಕೆಳಭಾಗದಲ್ಲಿ ನೀರೆತ್ತುವ ಒಂದು ಪಂಪು ಇರುತ್ತದೆ, ಅದರೊಳಗೆ ರಬ್ಬರಿನ ಚಿಕ್ಕ ಚಕ್ರ, ಅದಕ್ಕೆ ಮೆತ್ತನೆಯ ರೆಕ್ಕೆಗಳು. ಕೆರೆಯದೋ ಕಡಲಿನದೋ ನೀರನ್ನು ಎಳೆದು ಎಂಜಿನ್ನಿಗೆ ಕೊಟ್ಟು ಅದನ್ನು ತಣ್ಣಗೆ ಇಡುವುದು ಇದೇ. ಎಂಜಿನ್ ಓಡುವಾಗ ಪಕ್ಕದಿಂದ ನೀರು ಪಿಚಕಾರಿಯ ಹಾಗೆ ಚಿಮ್ಮುತ್ತದಲ್ಲ, ಅದು ಪಂಪು ಚೆನ್ನಾಗಿದೆ ಅನ್ನುವುದಕ್ಕೆ ಗುರುತು. ನನ್ನದು ಮೂರನೇ ಸಲ ನೀರಿಗಿಳಿಸಿದಾಗಲೇ ತೊಟ್ಟಿಕ್ಕಲು ಶುರುವಾಯಿತು. ತಕ್ಷಣ ಎಂಜಿನ್ ಆರಿಸಿದೆ. ಮೆಕ್ಯಾನಿಕ್ ಕೆಳಭಾಗ ಬಿಚ್ಚಿ ಆ ಚಕ್ರವನ್ನು ನನ್ನ ಅಂಗೈಯಲ್ಲಿಟ್ಟ. ರೆಕ್ಕೆಗಳೆಲ್ಲ ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ಬೆರಳಿನಿಂದ ನೆಟ್ಟಗೆ ಮಾಡಿದೆ, ಬಿಟ್ಟ ತಕ್ಷಣ ಮತ್ತೆ ಬಾಗಿದವು. ಒಂದೂವರೆ ವರ್ಷ ತಿರುಗದೆ ಒಂದೇ ಭಂಗಿಯಲ್ಲಿ ಕೂತರೆ ರಬ್ಬರ್ ಇನ್ನೇನು ಮಾಡೀತು? ಒಂದು ರೆಕ್ಕೆಯ ಬುಡದಲ್ಲಿ ಸೀಳು ಬೇರೆ ಬಿಟ್ಟಿತ್ತು.

ಈಗ ಕೇಳಿ. ಹೊಸ ಇಂಪೆಲ್ಲರ್ ಆತನ ಕಪಾಟಿನಲ್ಲೇ ಇತ್ತು. ಕೈಚಾಚಿ ತೆಗೆದ, ಮಧ್ಯಾಹ್ನದ ಹೊತ್ತಿಗೆ ಬೋಟು ಮತ್ತೆ ನೀರಿನಲ್ಲಿತ್ತು.

ಅದೇ ವರ್ಷ ಮೂತಿಯ ಹತ್ತಿರ ಲಂಗರು ಇಡುವ ಗೂಡಿನ ಮುಚ್ಚಳದ ಹಿಂಜ್ ಮುರಿಯಿತು. ಪ್ಲಾಸ್ಟಿಕ್ಕಿನದು, ಅಂಗೈ ಅಗಲದ್ದು, ಏನೇನೂ ಅಲ್ಲದ ಒಂದು ಸಾಮಾನು. ಅದು ಸಿಗಲಿಲ್ಲ. ಮಾರಿದವರನ್ನು ಕೇಳಿದೆ, ‘ಆರ್ಡರ್ ಹಾಕ್ತೀವಿ ಸರ್’ ಅಂದರು. ಒಂದು ತಿಂಗಳು ಬಿಟ್ಟು ಕೇಳಿದೆ, ‘ಬರ್ತಾ ಇದೆ’ ಅಂದರು. ನಾಲ್ಕನೇ ತಿಂಗಳು ಬೇರೆ ಹುಡುಗನೊಬ್ಬ ಫೋನ್ ಎತ್ತಿದ, ಅವನಿಗೆ ಇನ್ನೂ ಸುಳ್ಳು ಹೇಳುವುದು ರೂಢಿಯಾಗಿರಲಿಲ್ಲ ಅಂತ ಕಾಣುತ್ತದೆ, ‘ಅದು ನಿಂತುಹೋಗಿದೆ ಸರ್, ಬರಲ್ಲ’ ಅಂದುಬಿಟ್ಟ. ಹೊರಗಡೆ ಸಿಗುವ ಹಿಂಜ್ ಹಾಕೋಣ ಅಂದರೆ ತಿರುಪಿನ ತೂತುಗಳು ಹೊಂದುವುದಿಲ್ಲ, ಒಂದು ಬೆರಳಷ್ಟು ಆಚೀಚೆ. ಕೊನೆಗೆ ಹಳೆಯ ತೂತುಗಳಿಗೆ ಎಪಾಕ್ಸಿ ತುಂಬಿ, ಒಣಗಿಸಿ, ಪಕ್ಕದಲ್ಲಿ ಹೊಸದಾಗಿ ಕೊರೆದು ಸ್ಟೇನ್‌ಲೆಸ್ ಸ್ಟೀಲಿನ ಹಿಂಜ್ ಕೂರಿಸಿದೆ. ಕಂಪನಿಯದಕ್ಕಿಂತ ಗಟ್ಟಿ. ನೋಡಲು ಮಾತ್ರ ಹೊಸ ಅಂಗಿಗೆ ತೇಪೆ ಹಾಕಿದ ಹಾಗಿದೆ.

ನಾನು ಹೇಳಬೇಕೆಂದಿರುವುದು ಈ ಎರಡು ಘಟನೆಯಲ್ಲೇ ಇದೆ. ಎಂಜಿನ್ ಕೆಟ್ಟಾಗ ಅರ್ಧ ದಿನ, ಮುಚ್ಚಳ ಮುರಿದಾಗ ಅರ್ಧ ವರ್ಷ. ಕಾರಣ ಸರಳ. ಎಂಜಿನ್ ನನ್ನ ಬೋಟಿನ ಕಂಪನಿಗೆ ಮಾತ್ರ ಸೇರಿದ್ದಲ್ಲ. ಅದೇ ಎಂಜಿನ್ ಹತ್ತಾರು ಕಂಪನಿಗಳ ಬೋಟಿನ ಹಿಂದೆ ನೇತಾಡುತ್ತಿರುತ್ತದೆ. ಬೋಟಿನ ಮಾಡೆಲ್ ಸತ್ತರೂ ಎಂಜಿನ್ನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಪ್ರೊಪೆಲ್ಲರ್, ಗೇರ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಸ್ಟೀರಿಂಗ್ ಕೇಬಲ್, ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪು, ದೀಪ, ಸ್ವಿಚ್ಚು, ಇವೆಲ್ಲ ಎಲ್ಲ ಬೋಟಿಗೂ ಹೊರಗಿನಿಂದಲೇ ಬರುವ ಸಾಮಾನು. ಆದರೆ ಮುಚ್ಚಳ, ಗಾಳಿತಡೆಯ ಬಾಗಿದ ಗಾಜು, ಸೀಟಿನ ಕೆಳಗಿನ ಅಚ್ಚಿನ ಪೆಟ್ಟಿಗೆ, ಸ್ಟೀರಿಂಗ್ ಮುಂದಿನ ಡ್ಯಾಶ್, ಬಿಸಿಲಿನ ಮೇಲ್ಹೊದಿಕೆಯ ಅಳತೆ, ಇವು ಆ ಮಾಡೆಲ್ಲಿನವು ಮಾತ್ರ. ಇನ್ಯಾರ ಹತ್ತಿರವೂ ಸಿಗುವುದಿಲ್ಲ. ಹಾಗಾಗಿ ‘ಮಾಡೆಲ್ ನಿಲ್ಲುತ್ತಾ’ ಅಂತ ಕೇಳುವುದಕ್ಕಿಂತ ‘ಈ ಬೋಟಿನಲ್ಲಿ ಬೇರೆಲ್ಲೂ ಸಿಗದ ಸಾಮಾನು ಯಾವುದು’ ಅಂತ ಕೇಳಿದ್ದರೆ ನನಗೆ ಜಾಸ್ತಿ ಉಪಯೋಗ ಆಗುತ್ತಿತ್ತು.

ನಿಮ್ಮ ಬರಹದಲ್ಲಿ ನಿಲ್ಲುವುದು ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಮಾಡೆಲ್ ನಿಲ್ಲುವುದು ಬೇರೆ, ಕಂಪನಿ ಮುಳುಗುವುದು ಬೇರೆ, ಎಂಜಿನ್ ನಿಲ್ಲುವುದು ಇನ್ನೂ ಬೇರೆ.

ಎಂಜಿನ್ನಿನ ಕಥೆ ಎವಿನ್‌ರೂಡ್‌ನದು. ಓಲಿ ಎವಿನ್‌ರೂಡ್ ಅನ್ನುವವರು 1909ರಲ್ಲಿ ಔಟ್‌ಬೋರ್ಡ್ ಎಂಜಿನ್ ಮಾರಲು ಶುರು ಮಾಡಿದ್ದು. ನೂರು ವರ್ಷ ದಾಟಿದ ಹೆಸರು. 2020ರ ಮೇ ತಿಂಗಳಲ್ಲಿ ಅದರ ಮಾಲೀಕ ಕಂಪನಿ ಬಿಆರ್‌ಪಿ ಇನ್ನು ಎವಿನ್‌ರೂಡ್ ಎಂಜಿನ್ ಮಾಡುವುದಿಲ್ಲ ಅಂತ ಘೋಷಿಸಿತು. ಬಿಡಿಭಾಗ ಕೊಡುತ್ತೇವೆ, ವಾರಂಟಿ ನಡೆಸಿಕೊಡುತ್ತೇವೆ ಅಂತಲೂ ಹೇಳಿತು. ಆದರೂ ಅಂಥ ಎಂಜಿನ್ ಇರುವ ಬೋಟನ್ನು ಆಮೇಲೆ ಮಾರಲು ಹೋದವರಿಗೆ ಗೊತ್ತು, ಕೊಳ್ಳುವವರು ಮೊದಲು ನೋಡುವುದು ಎಂಜಿನ್ ಮೇಲಿನ ಹೆಸರನ್ನೇ. ಎಂಜಿನ್ ನಿಂತರೆ ಪೆಟ್ಟು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ.

ಕಂಪನಿಯೇ ಮುಳುಗಿದ ಕಥೆ ಬೇಕೆಂದರೆ ಅದೇ ಎವಿನ್‌ರೂಡ್‌ನ ಹಿಂದಿನ ಮಾಲೀಕರದು. ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ಅಂತ. ಎವಿನ್‌ರೂಡ್, ಜಾನ್ಸನ್ ಎಂಜಿನ್ನುಗಳೂ ಅವರವೇ, ಹಲವು ಬೋಟು ಕಂಪನಿಗಳೂ ಅವರವೇ. 2000ದ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. ಎಂಜಿನ್ ವ್ಯವಹಾರ ಬೊಂಬಾರ್ಡಿಯರ್ ಪಾಲಾಯಿತು (ಮೇಲೆ ಹೇಳಿದ ಬಿಆರ್‌ಪಿ ಹುಟ್ಟಿದ್ದು ಇದರಿಂದಲೇ), ಬೋಟಿನ ಬ್ರ್ಯಾಂಡುಗಳು ಜೆನ್‌ಮಾರ್ ಅನ್ನುವ ಬೋಟು ಕಂಪನಿಯ ಪಾಲಾದವು. ಆ ಜೆನ್‌ಮಾರ್ ಕೂಡ 2009ರಲ್ಲಿ ದಿವಾಳಿ. ಇಂಥ ಹೊತ್ತಿನಲ್ಲಿ ವಾರಂಟಿ ಕಾರ್ಡು ಹಿಡಿದು ಯಾರ ಬಾಗಿಲು ಬಡಿಯುವುದು? ಕಂಪನಿಯನ್ನು ಕೊಂಡವರು ಹಳೆಯ ವಾರಂಟಿಯನ್ನೂ ಹೊತ್ತುಕೊಳ್ಳುತ್ತಾರೆ ಅನ್ನುವ ಖಾತ್ರಿ ಯಾರಿಗೂ ಇರುವುದಿಲ್ಲ.

ಇವೆರಡಕ್ಕೆ ಹೋಲಿಸಿದರೆ ಬರೀ ಮಾಡೆಲ್ ನಿಲ್ಲುವುದು ಚಿಕ್ಕ ವಿಷಯ. ಇದೇ ಬಿಆರ್‌ಪಿ 2012ರಲ್ಲಿ ಸೀ-ಡೂ ಹೆಸರಿನ ಜೆಟ್ ಬೋಟುಗಳನ್ನು ನಿಲ್ಲಿಸಿತು. ಆದರೆ ಅವುಗಳಲ್ಲಿದ್ದ ರೋಟಾಕ್ಸ್ ಎಂಜಿನ್ನುಗಳನ್ನೇ ಸೀ-ಡೂ ನೀರಿನ ಸ್ಕೂಟರುಗಳಿಗೂ ಹಾಕುತ್ತಿದ್ದರು, ಆ ಸ್ಕೂಟರುಗಳು ನಿಲ್ಲಲಿಲ್ಲ. ಬೋಟು ಅನಾಥ, ಎಂಜಿನ್ನಿಗೆ ಮಾತ್ರ ನೆಂಟರಿದ್ದಾರೆ. ನನ್ನ ಬೋಟಿನದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಕಂಪನಿ ಇದೆ, ದೊಡ್ಡ ಬೋಟುಗಳನ್ನು ಮಾಡುತ್ತಲೇ ಇದೆ, ಎಂಜಿನ್ ಬೇರೆಯವರದು, ಅವರೂ ಗಟ್ಟಿಯಾಗಿದ್ದಾರೆ. ಒಡಲಿಗೆ ಒಂದು ವಾರಂಟಿ, ಎಂಜಿನ್ನಿಗೆ ಬೇರೆಯೇ ವಾರಂಟಿ. ಇವೆರಡೂ ಬೇರೆ ಬೇರೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಅಂದ ಹಾಗೆ, ಯಾವಾಗಲೂ ಅಗ್ಗದ ಬೋಟಿನ ತಲೆಯೇ ಯಾಕೆ ಮೊದಲು ಹಾರುತ್ತದೆ? ಇದರ ಬಗ್ಗೆ ತಲೆ ಕೆಡಿಸಿಕೊಂಡು ಒಂದಿಷ್ಟು ವಿಚಾರಿಸಿದೆ. ಫೈಬರ್ ಗ್ಲಾಸ್ ಬೋಟು ಅಚ್ಚಿನಲ್ಲಿ ಆಗುವ ವಸ್ತು. ಮೇಣ ಸವರಿ ಹೊಳಪು ಕೊಟ್ಟ ದೊಡ್ಡ ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಎರಚುತ್ತಾರೆ, ಬೋಟಿನ ಹೊರಗಿನ ಬಣ್ಣ ಹೊಳಪು ಎಲ್ಲ ಅದೇ. ಅದರ ಮೇಲೆ ಗಾಜಿನ ನಾರು, ರಾಳ, ಮತ್ತೆ ನಾರು, ಮತ್ತೆ ರಾಳ. ಗಟ್ಟಿಯಾದ ಮೇಲೆ ಎತ್ತಿ ತೆಗೆಯುತ್ತಾರೆ. ಒಡಲಿಗೊಂದು ಅಚ್ಚು, ಮೇಲಿನ ಡೆಕ್ಕಿಗೊಂದು, ಮುಚ್ಚಳಗಳಿಗೆ ಸಣ್ಣ ಸಣ್ಣವು. ಆ ಅಚ್ಚುಗಳ ಖರ್ಚು ಬಹಳ, ಬೋಟುಗಳು ರಾಶಿ ರಾಶಿ ಮಾರಾಟವಾದರೆ ಮಾತ್ರ ಹುಟ್ಟುತ್ತದೆ. ಬಳಸಿ ಬಳಸಿ ಅಚ್ಚು ಸವೆಯುತ್ತದೆ ಕೂಡ. ಸವೆದಾಗ ಕಂಪನಿ ಲೆಕ್ಕ ಹಾಕುತ್ತದೆ, ಇದಕ್ಕೇ ಹೊಸ ಅಚ್ಚು ಮಾಡಿಸಬೇಕಾ, ಅದೇ ದುಡ್ಡಿನಲ್ಲಿ ದೊಡ್ಡ ಬೋಟಿಗೆ ಮಾಡಿಸಬೇಕಾ?

ಚಿಕ್ಕ ಬೋಟು ಅಂತ ಕೆಲಸ ಚಿಕ್ಕದಾಗುವುದಿಲ್ಲ. 16 ಅಡಿಯದಕ್ಕೂ ವೈರಿಂಗ್ ಬೇಕು, ಸ್ಟೀರಿಂಗ್ ಬೇಕು, ಪಂಪು, ದೀಪ, ಸೀಟು ಎಲ್ಲ ಬೇಕು. ಬೆಲೆಯಲ್ಲಿ ದೊಡ್ಡ ಪಾಲು ಎಂಜಿನ್ ಕಂಪನಿಗೆ ಹೋಗುತ್ತದೆ. ಉಳಿಯುವುದು ಕಡಿಮೆ. ಮಾರುವವರಿಗೂ ಅಷ್ಟೇ, ಒಂದು ಚಿಕ್ಕ ಬೋಟು ಮಾರಲು ಹಿಡಿಯುವ ಹೊತ್ತಿನಲ್ಲಿ ಒಂದು ದೊಡ್ಡ ಬೋಟು ಮಾರಬಹುದು. 2020-21ರಲ್ಲಿ ಕೊರೊನಾ ಕಾಲದಲ್ಲಿ ಜನ ಬೋಟಿಗೆ ಮುಗಿಬಿದ್ದರು, ಕಂಪನಿಗಳು ಮಾಡಿದಷ್ಟೂ ಸಾಲದು ಅನ್ನುವ ಸ್ಥಿತಿ. ಆಮೇಲೆ ಬಡ್ಡಿ ಏರಿತು, ಮೊದಲು ಜಾರಿಕೊಂಡವರು ಸಾಲ ಮಾಡಿ ಚಿಕ್ಕ ಬೋಟು ಕೊಳ್ಳುವ ನಮ್ಮಂಥವರು. ಶೋರೂಮುಗಳಲ್ಲಿ ಚಿಕ್ಕ ಬೋಟುಗಳು ಸಾಲುಗಟ್ಟಿ ಕೂತವು. ಅದರಲ್ಲೊಂದು ನನ್ನದು ಅಂತ ಕಾಣುತ್ತದೆ.

ಅಗ್ಗದ ಬೋಟು ಮಾರಿ ದೊಡ್ಡವರಾದ ಕಂಪನಿ ಇಲ್ಲವೇ ಇಲ್ಲ ಅಂತ ಅಲ್ಲ. ಅಮೆರಿಕದ ಬೇಲೈನರ್ ಬೋಟು, ಎಂಜಿನ್, ಟ್ರೇಲರ್ ಮೂರನ್ನೂ ಸೇರಿಸಿ ಒಂದೇ ಬೆಲೆ ಹೇಳಿ ಮಾರಿ ಮನೆಮಾತಾಯಿತು. 1986ರಲ್ಲಿ ಅದನ್ನು ಬ್ರನ್ಸ್‌ವಿಕ್ ಕೊಂಡುಕೊಂಡಿತು. ಮರ್ಕ್ಯುರಿ ಎಂಜಿನ್ ಮಾಡುವವರೂ ಅವರೇ. ಎಂಜಿನ್ನೂ ಒಡಲೂ ಒಂದೇ ಮನೆಯದಾದರೆ ಅಗ್ಗದ ಬೋಟಿನಲ್ಲೂ ನಾಲ್ಕು ಕಾಸು ಉಳಿಯುತ್ತದೆ. ಬರೀ ಒಡಲು ಮಾಡಿ, ಎಂಜಿನ್ ಹೊರಗಿನಿಂದ ತಂದು ಕೂರಿಸುವವರಿಗೆ ಆ ಅನುಕೂಲ ಇಲ್ಲ.

ಇನ್ನು ನಿಲ್ಲಲಿರುವ ಬೋಟಿನ ಪರವಾಗಿಯೂ ಎರಡು ಮಾತು ಹೇಳಬೇಕು. ಒಂದು ಮಾಡೆಲ್ ಮೊದಲ ವರ್ಷ ಬಂದಾಗ ಸಣ್ಣಪುಟ್ಟ ತಪ್ಪು ತುಂಬಾ ಇರುತ್ತವೆ. ಎಲ್ಲೋ ನೀರು ಜಿನುಗುತ್ತದೆ, ಯಾವುದೋ ವೈರು ಮುಚ್ಚಳದ ಅಂಚಿಗೆ ಉಜ್ಜುತ್ತದೆ. ಕೊಂಡವರು ಬೈದು ಬೈದು ಕಂಪನಿಯಿಂದ ಅವನ್ನೆಲ್ಲ ಸರಿ ಮಾಡಿಸಿರುತ್ತಾರೆ. ಕೊನೆಯ ವರ್ಷದ ಬೋಟು ಹೀಗೆ ಬೈಸಿಕೊಂಡು ಹದವಾದ ಬೋಟು. ನನಗೇನೋ ಹೊಸ ಮಾಡೆಲ್ಲಿನ ಮೊದಲ ಬೋಟಿಗಿಂತ ಹಳೆಯ ಮಾಡೆಲ್ಲಿನ ಕೊನೆಯ ಬೋಟೇ ವಾಸಿ. ಎರಡನೆಯದು ಬೆಲೆ. ಮಾರುವವರಿಗೆ ಅದನ್ನು ಜಾಗದಿಂದ ಎಬ್ಬಿಸಬೇಕಾಗಿರುತ್ತದೆ, ಹಾಗಾಗಿ ಬೇಗ ಬಗ್ಗುತ್ತಾರೆ. ಆದರೆ ಈ ರಿಯಾಯಿತಿ ಯಾಕೆ ಸಿಗುತ್ತಿದೆ ಅಂತ ಗೊತ್ತಿದ್ದರೆ ಇನ್ನಷ್ಟು ಎಳೆಯಬಹುದು. ಗೊತ್ತಿಲ್ಲದಿದ್ದರೆ ಕೊಟ್ಟಷ್ಟಕ್ಕೇ ಖುಷಿಪಟ್ಟು ಮನೆಗೆ ಬರುತ್ತೀರಿ, ನಾನು ಬಂದ ಹಾಗೆ. ಮುಂದೆ ಮಾರುವಾಗ ಹೋಗುವ ದುಡ್ಡನ್ನು ಕೊಳ್ಳುವಾಗಲೇ ಕಳೆದು ಲೆಕ್ಕ ಹಾಕಬೇಕು. ಎರಡು ವರ್ಷಕ್ಕೆ ಮಾರಿ ದೊಡ್ಡದಕ್ಕೆ ಹೋಗುತ್ತೇನೆ ಅನ್ನುವವರಿಗೆ ಇಂಥ ಬೋಟು ಬೇಡ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಆ ನಷ್ಟ ಅಷ್ಟಾಗಿ ತಟ್ಟುವುದಿಲ್ಲ.

ಒಡಲು ಯಾವುದರಿಂದ ಮಾಡಿದ್ದು ಅನ್ನುವುದನ್ನೂ ನೋಡಬೇಕು. ಫೈಬರ್ ಗ್ಲಾಸ್ ಬಿರುಕು ಬಿಟ್ಟರೆ ಕೈಪಳಗಿದ ಯಾರು ಬೇಕಾದರೂ ತೇಪೆ ಹಾಕುತ್ತಾರೆ, ಅದಕ್ಕೆ ಕಂಪನಿ ಬದುಕಿರಬೇಕಾಗಿಲ್ಲ. ಅಲ್ಯೂಮಿನಿಯಂ ಆದರೆ ವೆಲ್ಡ್ ಮಾಡಬಹುದು. ಕೆಲವು ಅಗ್ಗದ ಬೋಟುಗಳು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನವು, ಗುದ್ದಿದರೂ ತಡೆಯುತ್ತವೆ, ಆದರೆ ಒಮ್ಮೆ ಸೀಳಿದರೆ ಕಷ್ಟ. ಆ ಪ್ಲಾಸ್ಟಿಕ್ಕಿಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು. ಅಂಥ ಬೋಟು ನಿಲ್ಲುತ್ತದೆ ಅಂದರೆ ನಾನು ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ.

ಫೈಬರ್ ಗ್ಲಾಸಿನಲ್ಲೂ ಒಂದು ತಲೆನೋವಿದೆ, ಬಣ್ಣ. ನನ್ನದು ಬಿಳಿ. ಬಿಳಿ ತಾನೇ, ಎಲ್ಲಿ ಬೇಕಾದರೂ ಸಿಗುತ್ತದೆ ಅಂದುಕೊಂಡೆ. ದಡಕ್ಕೆ ತಾಗಿ ಒಂದು ಕಡೆ ಚಕ್ಕೆ ಹಾರಿತು. ಅಂಗಡಿಯಿಂದ ಬಿಳಿ ಜೆಲ್‌ಕೋಟ್ ತಂದು ತುಂಬಿದೆ, ತಿಕ್ಕಿದೆ, ಹೊಳಪು ಬರಿಸಿದೆ. ದೂರದಿಂದ ಸರಿ. ಬಿಸಿಲಿನಲ್ಲಿ ನೋಡಿದರೆ ನಾಲ್ಕು ಬೆರಳಗಲದ ನೀಲಿ ಛಾಯೆಯ ಬಿಳಿ, ಸುತ್ತ ಕೆನೆಬಿಳಿ. ಕಂಪನಿಯ ಜೆಲ್‌ಕೋಟಿಗೆ ಒಂದು ಕೋಡ್ ಇರುತ್ತದಂತೆ. ಮಾಡೆಲ್ ನಡೆಯುತ್ತಿರುವಾಗ ಕೇಳಿದರೆ ಹೇಳುತ್ತಾರೆ, ನಿಂತ ಮೇಲೆ ಕೇಳಿದರೆ ಹುಡುಕಬೇಕು ಅನ್ನುತ್ತಾರೆ.

ಹೀಗಾಗಿ ಇನ್ನೊಂದು ಸಲ ಇಂಥ ಬೋಟು ಕೊಂಡರೆ ಮಾರಾಟದ ಕಾಗದಕ್ಕೆ ಸಹಿ ಹಾಕುವ ಮೊದಲೇ ಬಣ್ಣದ ಕೋಡ್, ವೈರಿಂಗ್ ನಕ್ಷೆ, ನಂಬರ್ ಸಮೇತ ಬಿಡಿಭಾಗಗಳ ಪಟ್ಟಿ ಇಷ್ಟನ್ನು ಕೈಗೆ ಕೊಡಿ ಅಂತ ಹಟ ಹಿಡಿಯುತ್ತೇನೆ. ರಿಯಾಯಿತಿಯ ಒಂದು ಪಾಲನ್ನು ದುಡ್ಡಿನಲ್ಲಿ ಬೇಡ, ಸಾಮಾನಿನಲ್ಲಿ ಕೊಡಿ ಅನ್ನುತ್ತೇನೆ. ಎರಡು ಹಿಂಜ್, ಒಂದು ಮುಚ್ಚಳ, ಗಾಳಿತಡೆಯ ಒಂದು ಗಾಜು. ಇಂಪೆಲ್ಲರ್ ಹೊಸದು ಹಾಕಿಸಿಕೊಡಿ, ಬ್ಯಾಟರಿ ಹೊಸದು ಕೊಡಿ, ಎಂಜಿನ್ ವಾರಂಟಿ ನಾನು ಕೊಂಡ ದಿನದಿಂದ ಶುರುವಾಗುತ್ತದೆ ಅಂತ ಬರೆದು ಕೊಡಿ, ನನ್ನ ಹೆಸರಿನಲ್ಲಿ ನನ್ನ ಮುಂದೆಯೇ ನೋಂದಾಯಿಸಿ. ಕೊನೆಯದನ್ನು ಮರೆಯಬೇಡಿ. ಎಂಜಿನ್ನಿನಲ್ಲಿ ಏನಾದರೂ ದೋಷ ಕಂಡು ಕಂಪನಿ ಎಲ್ಲರಿಗೂ ಪತ್ರ ಕಳಿಸಿದರೆ, ಅದು ಬರುವುದು ನೋಂದಾಯಿಸಿದವರ ವಿಳಾಸಕ್ಕೆ.

ಇಷ್ಟೆಲ್ಲ ಮಾಡಬೇಕಾದರೆ ಮೊದಲು ಒಂದು ವಿಷಯ ಗೊತ್ತಿರಬೇಕಲ್ಲ, ಈ ಮಾಡೆಲ್ ನಿಲ್ಲುತ್ತಿದೆ ಅನ್ನುವುದು? ಅದನ್ನೇ ಮುಚ್ಚಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಮಾರುವವರಿಗೆ ಮುಂದಿನ ವರ್ಷಕ್ಕೆ ಆ ಮಾಡೆಲ್ ಆರ್ಡರ್ ಮಾಡಲು ಬರುತ್ತದೋ ಇಲ್ಲವೋ ಅನ್ನುವುದು ನಮಗಿಂತ ಎಷ್ಟೋ ಮೊದಲೇ ಗೊತ್ತಾಗಿರುತ್ತದೆ. ಗೊತ್ತಿಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ನನಗೆ ಮಾರಿದವರ ಪಟ್ಟಿಯಲ್ಲಿ ನನ್ನ ಬೋಟಿನ ಮುಂದೆ ಅಡ್ಡಗೆರೆ ಇತ್ತಂತೆ. ಅದನ್ನೂ ಆ ಫೋನ್ ಎತ್ತಿದ ಹುಡುಗನೇ ಹೇಳಿದ್ದು. ಪಾಪ, ಅವನು ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೋ ಇಲ್ಲವೋ.

ಇದೇನು ಆಗದ ಹೋಗದ ಬೇಡಿಕೆ ಅಲ್ಲ. ಫ್ರಾನ್ಸ್ 2014ರಲ್ಲೇ ಗ್ರಾಹಕರ ಕಾನೂನು ಬದಲಿಸಿತು. ಬಿಡಿಭಾಗ ಎಷ್ಟು ಕಾಲ ಸಿಗುತ್ತದೆ ಅನ್ನುವುದನ್ನು ತಯಾರಿಸಿದವರು ಮಾರುವವರಿಗೆ ತಿಳಿಸಬೇಕು, ಮಾರುವವರು ಅದನ್ನು ಕೊಳ್ಳುವವರಿಗೆ ಮಾರಾಟಕ್ಕೆ ಮುಂಚೆಯೇ ಹೇಳಬೇಕು ಅಂತ. ಬೋಟಿನ ಬಿಲ್ಲಿನಲ್ಲೂ ಮೂರು ಸಾಲು ಬರಲಿ. ತಯಾರಾದ ತಿಂಗಳು, ಮಾಡೆಲ್ ಇನ್ನೂ ತಯಾರಾಗುತ್ತಿದೆಯೋ ಇಲ್ಲವೋ, ಬಿಡಿಭಾಗ ಎಲ್ಲಿಯವರೆಗೆ ಕೊಡುತ್ತಾರೆ. ಕೊಳ್ಳುವ ಹೊತ್ತಿನಲ್ಲಿ ಎಷ್ಟು ಜನ ಕೂರಬಹುದು, ಎಷ್ಟು ತೂಕ ಹೇರಬಹುದು ಅಂತ ಲೋಹದ ಒಂದು ಫಲಕವನ್ನೇ ಬೋಟಿಗೆ ಬಡಿದು ಕೊಡುತ್ತಾರೆ. ಅದರ ಪಕ್ಕ ಇನ್ನು ಮೂರು ಸಾಲು ಬರೆಯಲು ಇವರಿಗೇನು ಕಷ್ಟ?

ಹೇಳಿದರೆ ಮಾರಾಟ ಆಗುವುದಿಲ್ಲ ಅನ್ನುವ ಹೆದರಿಕೆ ಅವರಿಗೆ. ನನ್ನನ್ನೇ ತೆಗೆದುಕೊಳ್ಳಿ. ಹೇಳಿದ್ದರೂ ನಾನು ಅದೇ ಬೋಟು ಕೊಳ್ಳುತ್ತಿದ್ದೆ. ಬೆಲೆಯಲ್ಲಿ ಇನ್ನಷ್ಟು ಜಗ್ಗಾಡುತ್ತಿದ್ದೆ, ಎರಡು ಹಿಂಜ್ ಜಾಸ್ತಿ ಕೇಳುತ್ತಿದ್ದೆ, ಅಷ್ಟೇ. ಆಮೇಲೆ ಸರ್ವಿಸಿಗೂ ಅವರ ಹತ್ತಿರವೇ ಹೋಗುತ್ತಿದ್ದೆ. ಈಗ ಆ ಶೋರೂಮಿನ ಮುಂದೆ ಹಾದುಹೋಗುವಾಗಲೂ ಆಚೆ ಕಡೆ ನೋಡಿಕೊಂಡು ಹೋಗುತ್ತೇನೆ. ಬೋಟು ಕೊಳ್ಳಬೇಕು ಅನ್ನುತ್ತಿದ್ದ ಇಬ್ಬರು ಗೆಳೆಯರನ್ನು ಬೇರೆ ಕಡೆ ಕರೆದುಕೊಂಡು ಹೋದೆ.

ಆ ಇಬ್ಬರಲ್ಲಿ ಒಬ್ಬ ಕೊಂಡದ್ದೂ ನಿಲ್ಲುತ್ತಿರುವ ಮಾಡೆಲ್ಲೇ. ಅಲ್ಲಿಯವರು ತಾವಾಗಿಯೇ ಹೇಳಿದರು, ಇದು ಕೊನೆಯ ಬ್ಯಾಚಿನದು, ಯೋಚನೆ ಮಾಡಿ ತಗೊಳ್ಳಿ ಅಂತ. ಅವನು ನನ್ನ ಮುಖ ನೋಡಿದ. ನಾನು ಹಿಂದಕ್ಕೆ ಹೋಗಿ ಬಗ್ಗಿ ಟ್ರಾನ್ಸಮ್ಮಿನ ನಂಬರ್ ಓದಿದೆ, ಅವರು ಹೇಳಿದ ತಿಂಗಳೇ ಇತ್ತು. ಗಾಳಿತಡೆಯ ಗಾಜು ಒಂದು, ಮುಚ್ಚಳದ ಹಿಂಜ್ ಒಂದು ಜೊತೆ ಬಿಲ್ಲಿಗೆ ಸೇರಿಸಿ ಬರೆಸಿಕೊಂಡು ಬಂದೆವು. ಹಿಂಜ್ ಇರುವ ಕವರನ್ನು ಅವನು ಇನ್ನೂ ಬಿಚ್ಚಿಲ್ಲ.

ಇತಿ,
ನಿಮ್ಮ ಹಳೆಯ ಓದುಗ